ಎಪ್ಪತ್ತೈದು ದಾಟಿದ್ದನ್ನು ಬಿಡಬೇಕು

ನನ್ನ ಷಡ್ಡಕ ಶ್ರವಣನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳಿ ಏನು ಪ್ರಯೋಜನ? ನನ್ನ ಹೆಂಡತಿ ಶರ್ಮಿಳಾಳ ತಂಗಿ ನಿಖಿತಾಳ ಗಂಡ ಅವನು, ನನಗಿಂತ ಆರು ವರ್ಷ ಚಿಕ್ಕವನು. ದುಬೈಯ ಮಿರ್ದಿಫ್‌ನಲ್ಲಿ ವಿಲ್ಲಾ, ಕಾರ್ಗೋ ಕಂಪನಿಯಲ್ಲಿ ಮ್ಯಾನೇಜರ್ ಕೆಲಸ, ಬಿಳಿ ಪ್ರಾಡೊ ಕಾರು. ನಾನು ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಳೇ ಬಿಲ್ಡಿಂಗಿನಲ್ಲಿ ಒಂದು ಬೆಡ್‌ರೂಮಿನವನು, ಹಾರ್ಡ್‌ವೇರ್ ಕಂಪನಿಯ ಸ್ಟೋರ್ ಕೀಪರ್. ಅದೆಲ್ಲ ಅವರವರ ಹಣೆಬರಹ ಎಂದು ಬಿಟ್ಟಿದ್ದೆ. ಆದರೆ ಅವನು ಮೀನಿಗೂ ಕೈ ಹಾಕಿದನಲ್ಲ, ಅದನ್ನು ಸಹಿಸುವುದು ನನ್ನಿಂದಾಗಲಿಲ್ಲ.

ಮೀನಿನ ವಿಷಯದಲ್ಲಿ ನನಗೊಂದು ಮರ್ಯಾದೆ ಇತ್ತು. ಕೊಟ್ಟವರು ಅತ್ತೆ ಜಲಜಾಕ್ಷಿ. ಮಲ್ಪೆ ಬಂದರಿನಲ್ಲಿ ಮೂವತ್ತೆರಡು ವರ್ಷ ಮೀನು ಮಾರಿದ ಹೆಂಗಸು. ನಾನು ಕಾರ್ಕಳದವನು. ಮದುವೆಯ ಮಾತುಕತೆಯ ದಿನವೇ, "ಕಾರ್ಕಳದವರಿಗೆ ಮೀನು ತಿನ್ಲಿಕ್ಕೆ ಗೊತ್ತು, ಹಿಡೀಲಿಕ್ಕೆ ಗೊತ್ತುಂಟಾ?" ಎಂದು ಎಲ್ಲರೆದುರು ನಗಾಡಿದ್ದರು. ಆ ಮಾತು ವರ್ಷಗಟ್ಟಲೆ ನನ್ನನ್ನು ಚುಚ್ಚಿತು. ಗಲ್ಫಿಗೆ ಬಂದ ಮೇಲೆ ಗಾಳ ಕಲಿತದ್ದೇ ಆ ಹಟಕ್ಕೆ. ೨೦೧೩ರ ಒಂದು ಶುಕ್ರವಾರ ನನಗೆ ಎಂಬತ್ತನಾಲ್ಕು ಸೆಂಟಿಮೀಟರಿನ ಹಮ್ಮೂರ್ ಸಿಕ್ಕಿತು. ನಮ್ಮೂರಲ್ಲಿ ಮುರು ಅನ್ನುತ್ತಾರಲ್ಲ, ಅದೇ ಮೀನು. ಅದನ್ನು ಎತ್ತಿ ಹಿಡಿದ ಫೋಟೋವನ್ನು ಅತ್ತೆ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಮಲ್ಪೆಯ ಮನೆಯ ಚಾವಡಿಯಲ್ಲಿ ತೂಗುಹಾಕಿದರು. ಬಂದವರಿಗೆಲ್ಲ, "ನನ್ನ ದೊಡ್ಡ ಅಳಿಯ ಹಿಡಿದದ್ದು," ಎಂದು ತೋರಿಸುತ್ತಿದ್ದರಂತೆ.

ಇಲ್ಲಿ ಗಾಳ ಹಾಕುವ ಇಪ್ಪತ್ತೆರಡು ಜನ ಕರಾವಳಿಯವರ ಒಂದು ವಾಟ್ಸಾಪ್ ಗುಂಪು ನಮ್ಮದು. ಎಲ್ಲರಿಗಿಂತ ದೊಡ್ಡ ಹಮ್ಮೂರ್ ಹಿಡಿದವನ ಫೋಟೋವೇ ಗುಂಪಿನ ಡಿಪಿ. ಮೂರು ವರ್ಷ ಅಲ್ಲಿ ನನ್ನ ಮುಖವೇ ಇತ್ತು. ದಿನಕ್ಕೆ ಹತ್ತು ಸಲ ನೋಡುತ್ತಿದ್ದೆ. ನಾಚಿಕೆ ಏನು ಬಂತು?

ಅಷ್ಟರಲ್ಲಿ ಶ್ರವಣ ಇಬ್ಬರು ಕೂತು ಹುಟ್ಟು ಹಾಕುವ ಪ್ಲಾಸ್ಟಿಕ್ ಕಯಾಕ್ ಒಂದನ್ನು ಕೊಂಡು ಗುಂಪಿಗೆ ಸೇರಿದ. ಮೊದಲ ತಿಂಗಳು ಎಪ್ಪತ್ತೊಂದು. ಮುಂದಿನ ತಿಂಗಳು ಎಪ್ಪತ್ತೇಳು. ಆಮೇಲೆ ಎಂಬತ್ತೊಂದು! ಪ್ರತಿ ಫೋಟೋದ ಕೆಳಗೆ ಕೈಮುಗಿಯುವ ಚಿತ್ರ, "ಭಾವ, ಎಲ್ಲ ನಿಮ್ಮ ಆಶೀರ್ವಾದ." ಯಾರು ಕೊಟ್ಟರೋ ಅವನಿಗೆ ಆಶೀರ್ವಾದ! ಅವನ ಮೀನಿಗೂ ನನ್ನದಕ್ಕೂ ಎರಡು ಬೆರಳಿನ ಅಗಲ ಉಳಿದಿತ್ತು. ನನಗೆ ಅನ್ನ ಸೇರದಂತಾಯಿತು.

ಆಗ ದೋಣಿಕಟ್ಟೆಯಲ್ಲಿ ಅಂಟಿಸಿದ್ದ, ಹಮ್ಮೂರ್ ಸಂತತಿ ಉಳಿಸಿ ಎನ್ನುವ ಒಂದು ಪೋಸ್ಟರ್ ನನ್ನ ಕಣ್ಣಿಗೆ ಬಿತ್ತು. ಓದಿದೆ, ಪುನಃ ಓದಿದೆ. ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ದೊಡ್ಡ ಮೀನು ಹಿಡಿದು ತರುವುದನ್ನೇ ನಿಲ್ಲಿಸಿದರೆ ನನ್ನ ಎಂಬತ್ತನಾಲ್ಕನ್ನು ಮೀರಿಸುವವರು ಯಾರು?

ಅಲ್ ಬರ್ಷಾದ ಹೋಟೆಲಿನಲ್ಲಿ ಗುಂಪಿನವರು ಚಹಾಕ್ಕೆ ಸೇರಿದ್ದ ದಿನ ಎದ್ದು ನಿಂತು ಭಾಷಣವನ್ನೇ ಬಿಗಿದೆ.

"ನಲವತ್ತೈದಕ್ಕಿಂತ ಸಣ್ಣದನ್ನು ಹಿಡೀಬಾರದು ಅಂತ ಇಲ್ಲಿಯ ಕಾನೂನೇ ಉಂಟು. ಸಣ್ಣದನ್ನು ಬಿಟ್ಟರೆ ಸಾಕಾ? ಹಮ್ಮೂರ್ ಮೊದಲು ಎಲ್ಲ ಹೆಣ್ಣೇ. ದೊಡ್ಡದಾದ ಮೇಲೆ ಕೆಲವು ಮಾತ್ರ ಗಂಡಾಗುವುದು. ಫೋಟೋದ ಆಸೆಗೆ ನಾವು ಆ ದೊಡ್ಡದನ್ನೇ ಕೊಂದರೆ ಮರಿ ಎಲ್ಲಿಂದ ಬರ್ಬೇಕು? ಎಪ್ಪತ್ತೈದು ದಾಟಿದ್ದನ್ನು ಬಿಡಬೇಕು. ಒಬ್ಬರಿಗೆ ದಿನಕ್ಕೆ ಒಂದೇ ಮೀನು."

"ಸಣ್ಣದೂ ಬಿಡುವುದು, ದೊಡ್ಡದೂ ಬಿಡುವುದು," ಎಂದ ಜುವಾಕಿಂ. ಅವನು ಗುಂಪಿನಲ್ಲಿ ಎಲ್ಲದಕ್ಕೂ ಅಡ್ಡ ಮಾತಾಡುವವನು. "ಮತ್ತೆ ನಾವು ಗಾಳ ತೊಳೀಲಿಕ್ಕೆ ಹೋಗುವುದಾ ಮಾರಾಯ್ರೆ? ಬಲೆ ಹಾಕಿ ಲಾರಿಗಟ್ಟಲೆ ಎಳೆಯುವವರಿಗೆ ಹೇಳಿ ಇದನ್ನು. ನಮ್ಮ ಒಂದು ಗಾಳಕ್ಕೆ ಕಡಲು ಖಾಲಿ ಆಗ್ತದಾ?"

ಭಟ್ಕಳದ ಅತಾಉರ್ರಹ್ಮಾನ್ ಸಾಹೇಬರು ಗಾಳದ ಸಾಮಾನಿನ ಅಂಗಡಿಯವರು, ನಮ್ಮಲ್ಲಿ ಹಿರಿಯರು. ಅವರು ಕಪ್ಪು ಕೆಳಗಿಟ್ಟರು. "ಇಪ್ಪತ್ತೈದು ವರ್ಷದ ಹಿಂದೆ ಇಲ್ಲಿ ಮೀನು ಹೇಗಿತ್ತು ನಾನು ನೋಡಿದ್ದೇನೆ. ರಂಜಿತ್ ಹೇಳುವುದು ಸರಿ. ಇವತ್ತು ದೊಡ್ಡದನ್ನು ಬಿಟ್ಟರೆ ನಾಳೆಯೂ ದೊಡ್ಡದು ಸಿಗ್ತದೆ. ಆದರೆ ಬಿಟ್ಟವನಿಗೆ ಹೆಸರು ಬೇಡವಾ? ಜೊತೆಯಲ್ಲಿದ್ದವನು ಅಳತೆ ನೋಡಿ ಹೇಳಿದರೆ ಬಿಟ್ಟ ಮೀನನ್ನೂ ಡಿಪಿಯ ಲೆಕ್ಕಕ್ಕೆ ಒಪ್ಪುವ. ನಮ್ಮಲ್ಲಿ ಸುಳ್ಳು ಹೇಳುವವರು ಯಾರಿದ್ದಾರೆ? ಖಲಾಸ್."

ಅದು ನನ್ನ ಲೆಕ್ಕಾಚಾರದಲ್ಲಿ ಇರಲಿಲ್ಲ. ಎಲ್ಲರಿಗಿಂತ ಮೊದಲು ಕೈ ಎತ್ತಿದವನು ಶ್ರವಣ. "ದೊಡ್ಡ ಮೀನು ಹಿಡಿದವರೇ ಬಿಡಬೇಕು ಅಂತ ಹೇಳುವುದಾದರೆ, ಭಾವನ ಮನಸ್ಸು ಎಷ್ಟು ದೊಡ್ಡದು ನೋಡಿ," ಎಂದ. ವ್ಯಂಗ್ಯವಾಗಿ ಹೇಳಿದ್ದರೆ ಒಂದು ಸಮಾಧಾನವಿತ್ತು. ಪುಣ್ಯಾತ್ಮ ನಿಜವಾಗಿಯೇ ಹೇಳಿದ.

ಎರಡು ತಿಂಗಳ ನಂತರ ನಿಖಿತಾಳ ಬಾಣಂತನಕ್ಕೆ ಅತ್ತೆ ವಿಸಿಟ್ ವೀಸಾದಲ್ಲಿ ಮಿರ್ದಿಫ್‌ಗೆ ಬಂದಿಳಿದರು. ನಾನೂ ಶರ್ಮಿಳಾಳೂ ಗುರುವಾರ ಸಂಜೆ ಅಲ್ಲಿಗೆ ಹೋದೆವು. ಮೊಮ್ಮಗುವನ್ನು ಮಡಿಲಲ್ಲಿಟ್ಟುಕೊಂಡೇ ಅತ್ತೆ ಹೇಳಿದರು, "ನಾಳೆ ಇಬ್ಬರೂ ಅಳಿಯಂದಿರು ಕಡಲಿಗೆ ಹೋಗಿ ಬನ್ನಿ. ಯಾರ ಕೈ ಗಟ್ಟಿ ಅಂತ ನಾನೂ ನೋಡ್ಬೇಕು." ತಮಾಷೆಗೆ ಅಂದದ್ದು. ನನಗೆ ಅದು ತಮಾಷೆಯಾಗಿರಲಿಲ್ಲ.

ಬೆಳಿಗ್ಗೆ ಜೆಬೆಲ್ ಅಲಿ ಕಡೆಯ ನೀರಿಗೆ ಕಯಾಕ್ ಇಳಿಸಿದೆವು. ಅವನು ಮುಂದೆ, ನಾನು ಹಿಂದೆ. ಒಂದು ಗಂಟೆಯಾದರೂ ನನ್ನ ಗಾಳವನ್ನು ಒಂದು ಏಡಿಯೂ ಮುಟ್ಟಲಿಲ್ಲ. ಅವನ ಗಾಳದ ಕೋಲು ಇದ್ದಕ್ಕಿದ್ದಂತೆ ಬಗ್ಗಿ ನೀರಿಗೆ ತಾಗಿತು. ಕಯಾಕ್ ತಿರುಗಿಯೇ ಹೋಯಿತು. ಇಪ್ಪತ್ತು ನಿಮಿಷ ಜಗ್ಗಾಡಿ, ಕೊನೆಗೆ ದಾರವನ್ನು ಬರಿಗೈಯಲ್ಲಿ ಹಿಡಿದೆಳೆದ. ಅಂಗೈ ಕುಯ್ದು ರಕ್ತ ಬಂತು. ಮೀನು ಮೇಲೆ ಬಂತು. ಇಷ್ಟು ದೊಡ್ಡ ಹಮ್ಮೂರನ್ನು ನಾನು ಜೀವಂತ ನೋಡಿದ್ದೇ ಇಲ್ಲ.

ಇಬ್ಬರೂ ಸೇರಿ ಅದನ್ನು ನಡುವೆ ಮಲಗಿಸಿದೆವು. ಅಲ್ಲಿ ಅಳತೆಯ ಪಟ್ಟಿ ಅಂಟಿಸಿದ್ದ. ತಲೆ ಅವನ ಕಡೆ, ಬಾಲ ನನ್ನ ಕಡೆ. ಅವನು ಅದರ ಬಾಯೊಳಗೆ ಕೈ ಇಳಿಸಿ ಗಾಳ ಬಿಡಿಸುತ್ತಿದ್ದ. ನಾನು ಬಾಲದ ತುದಿ ನೋಡಿದೆ. ತೊಂಬತ್ತಮೂರು.

"ಎಷ್ಟು ಭಾವ?"

"ಮೊದಲು ಬಿಡು ಮಾರಾಯ, ಸಾಯ್ತದೆ ಅದು."

"ಒಂದು ಫೋಟೋ ತೆಗೀರಿ, ಬೇಗ!" ಅವನ ಫೋನು ನನ್ನ ಕೈಯಲ್ಲಿತ್ತು. ಅವನ ಎರಡೂ ಕೈ ಮೀನಿನ ಮೇಲೆ. ಮುಖದ ತುಂಬ ನಗು, ಮೊನ್ನೆ ಮಗು ಹುಟ್ಟಿದಾಗ ನಕ್ಕಂಥದೇ ನಗು. ನಾನು ಫೋನು ಎತ್ತಿ ಹಿಡಿದೆ. ಬೆರಳು ಒತ್ತಲಿಲ್ಲ.

"ತೆಗೆದೆ," ಎಂದೆ.

ಅವನು ಮೀನನ್ನು ನೀರಿಗಿಳಿಸಿ, ಅದು ಕಿವಿರು ಆಡಿಸುವವರೆಗೂ ಹಿಡಿದುಕೊಂಡು ಮೆಲ್ಲಗೆ ಬಿಟ್ಟ. "ಹೋಗು ಮಗಾ," ಎಂದ ಅದಕ್ಕೆ. ಒಂದು ಕ್ಷಣವೂ ಬೇಸರಪಡಲಿಲ್ಲ. ನಾನಾಗಿದ್ದರೆ ಆ ನಿಯಮವನ್ನು ಮಡಚಿ ಕಡಲಿಗೆಸೆದು ಮೀನನ್ನು ಮನೆಗೆ ತರುತ್ತಿದ್ದೆ.

ಕಾರಿನಲ್ಲಿ ಅವನು ಪುನಃ ಅಳತೆ ಕೇಳಿದ. ಮನೆಗೆ ಹೋಗಿ ಅತ್ತೆಯ ಎದುರಲ್ಲೇ ಹೇಳುತ್ತೇನೆ ಎಂದೆ. ಅವನಿಗೆ ಇನ್ನೂ ಖುಷಿಯಾಯಿತು. ದಾರಿಯುದ್ದಕ್ಕೂ ನಾನು ನಿಜವನ್ನೇ ಹೇಳಬೇಕು ಎಂದುಕೊಳ್ಳುತ್ತಿದ್ದೆ. ಹೇಳಿದರೆ ಡಿಪಿ ಹೋಗುತ್ತದೆ, ಹೋಗಲಿ. ಆದರೆ ಅತ್ತೆ ಊರಿಗೆ ಹೋದ ಮೇಲೆ ಚಾವಡಿಯ ಗೋಡೆಯಲ್ಲಿ ಏನು ಮಾಡಿಯಾರು? ಈ ಮೀನಿನದಲ್ಲದಿದ್ದರೂ ಶ್ರವಣನದೊಂದು ಫೋಟೋ ಬೇಕೆಂದಾರು, ಎರಡು ಫೋಟೋ ಹಾಕುವಷ್ಟು ಜಾಗ ಅಲ್ಲಿ ಇಲ್ಲ.

ಮನೆಯಲ್ಲಿ ಎಲ್ಲರೂ ಹಾಲಿಗೆ ಬಂದರು. ಶ್ರವಣ ಚಿಕ್ಕ ಹುಡುಗನ ಹಾಗೆ ಕೈ ಬೀಸಿ ಬೀಸಿ ಕಥೆ ಹೇಳಿದ. ಫೋನು ತೆರೆದು ಹುಡುಕಿದ. ಫೋಟೋ ಇರಲಿಲ್ಲ.

"ಒದ್ದೆ ಕೈ ನೋಡು, ಸರಿ ತಾಗ್ಲಿಲ್ಲ ಕಾಣ್ತದೆ," ಎಂದೆ.

"ಫೋಟೋ ಹೋದರೆ ಹೋಗ್ಲಿ ಅತ್ತೆ. ಭಾವ ಅಳತೆ ನೋಡಿದ್ದಾರೆ. ಹೇಳಿ ಭಾವ, ಎಷ್ಟಿತ್ತು?"

ಎಲ್ಲರೂ ನನ್ನ ಬಾಯಿ ನೋಡಿದರು. ತೊಂಬತ್ತಮೂರು ಎಂಬುದು ನಾಲಿಗೆಯ ತುದಿಗೆ ಬಂದಿತ್ತು.

"ಎಪ್ಪತ್ತೆಂಟು," ಎಂದೆ.

ಶ್ರವಣನ ನಗು ಹಾಗೇ ನಿಂತಿತು. "ಎಪ್ಪತ್ತೆಂಟಾ?" ಎಂದ. ಫೋನು ಜೇಬಿಗೆ ಹಾಕಿ, "ಇರ್ಬೇಕು. ಖುಷಿಯಲ್ಲಿ ನನಗೆ ದೊಡ್ಡದು ಕಂಡಿತೋ ಏನೋ," ಎಂದು ತಾನೇ ಸಮಾಧಾನ ಮಾಡಿಕೊಂಡ.

ಅತ್ತೆ ಅರಸಿನದ ಡಬ್ಬಿ ತಂದು ಅವನ ಪಕ್ಕ ಕೂತರು. ಅಂಗೈಯ ಗಾಯವನ್ನು ಬೆಳಕಿಗೆ ಹಿಡಿದು ನೋಡಿದರು. ಮಣಿಕಟ್ಟಿನ ಮೇಲೂ ಸುತ್ತ ತರಚಿದ ಗುರುತಿತ್ತು.

"ಇದೆಂಥದು, ಇಷ್ಟು ಮೇಲೆ?"

"ಗಾಳ ಗಂಟಲಿಗೆ ಹೋಗಿತ್ತು ಅತ್ತೆ. ಬಾಯೊಳಗೆ ಕೈ ಹಾಕಿ ತೆಗೆದೆ. ಹಲ್ಲು ತಾಗಿದ್ದು."

"ಮುಷ್ಟಿ ಇಡೀ ಹೋಯ್ತಾ ಒಳಗೆ?"

"ಮುಷ್ಟಿಯೂ ಹೋಯ್ತು, ಇಲ್ಲಿವರೆಗೂ ಹೋಯ್ತು," ಎಂದು ಮೊಣಕೈಯ ಹತ್ತಿರ ತೋರಿಸಿದ ಅವನು.

ಎಪ್ಪತ್ತೆಂಟರ ಮುರುವಿನ ಬಾಯೊಳಗೆ ಅಷ್ಟು ಕೈ ಹೋಗದು ಎಂದು ಮೂವತ್ತೆರಡು ವರ್ಷ ಮೀನು ಮಾರಿದವರಿಗೆ ಹೇಳಬೇಕಾಗಿರಲಿಲ್ಲ. ಅತ್ತೆ ಅರಸಿನ ಹಚ್ಚಿ, ಬಟ್ಟೆ ಕಟ್ಟಿ, ಗಂಟು ಬಿಗಿದರು. ಆಮೇಲೆ ನನ್ನ ಕಡೆ ತಿರುಗಿದರು. ಸ್ವರದಲ್ಲಿ ಸಿಟ್ಟಿರಲಿಲ್ಲ.

"ಆ ಫೋಟೋದ ಮುರು ಹಿಡಿದ ದಿನ ನಿಮ್ಮ ಜೊತೆ ಯಾರಿದ್ದರು?"

"ಯಾರೂ ಇಲ್ಲ. ಕಡಲ ಬದಿಯ ಕಲ್ಲಿನ ಮೇಲೆ ಒಬ್ಬನೇ ಇದ್ದೆ."

"ಫೋಟೋ ತೆಗೆದದ್ದು?"

"ದಾರಿಯಲ್ಲಿ ಹೋಗ್ತಿದ್ದ ಒಬ್ಬ ಪಠಾಣ."

"ಅಬುಧಾಬಿ ಮಾರ್ಕೆಟಿಗೆ ಅಂಥ ಮೀನು ದಿನಾ ಬರ್ತದೆ ಅಂತ ಶರ್ಮಿಳಾ ಹೇಳ್ತಿದ್ದಳು."

"ಅತ್ತೆ! ದೇವರಾಣೆಗೂ ಅದು ನಾನೇ ಹಿಡಿದದ್ದು!"

ಅದು ನಿಜವಾಗಿತ್ತು. ಯಾರ ಹಂಗೂ ಇಲ್ಲದೆ, ಯಾರ ಸಹಾಯವೂ ಇಲ್ಲದೆ ನಾನು ಈ ಜನ್ಮದಲ್ಲಿ ಮಾಡಿದ್ದು ಅದೊಂದೇ. ಶರ್ಮಿಳಾಳನ್ನು ನೋಡಿದೆ. ಆ ಮೀನನ್ನು ಕೊಯ್ದವಳು ಅವಳೇ, ಆದರೆ ನಾನು ಹಿಡಿದದ್ದನ್ನು ಅವಳು ಕಂಡಿರಲಿಲ್ಲ. ಅವಳು ಮಗುವಿನ ಬಟ್ಟೆ ಮಡಚತೊಡಗಿದಳು.

ಬಾಯಿ ತೆರೆದವನು ಶ್ರವಣ ಒಬ್ಬನೇ. "ಎಂಥ ಮಾತು ಅತ್ತೆ ಇದು? ಭಾವ ಹಿಡಿದದ್ದೇ ಅದು. ಭಾವ ಸುಳ್ಳು ಹೇಳುವ ಜನ ಅಲ್ಲ."

"ನೀವು ಹೇಳ್ತೀರಲ್ಲ, ಹಾಗಾದ್ರೆ ಇರಬಹುದು," ಎಂದು ಅತ್ತೆ ಅವನಿಗೆ ಹೇಳಿ, ಅರಸಿನದ ಡಬ್ಬಿ ಮುಚ್ಚಿ ಒಳಗೆ ಹೋದರು.