ಗೊಮಾನಿ ಅಂಗಡಿಯಲ್ಲಿಟ್ಟ ಫೋನು

ನಮ್ಮ ಸರೋವರದ ದಂಡೆಯ ಊರಿಗೆ ಕರೆಂಟಿಲ್ಲ. ಫೋನ್ ಸತ್ತರೆ ಎಲ್ಲರೂ ಗೊಮಾನಿಯ ಕ್ಷೌರದಂಗಡಿಗೇ ಹೋಗಬೇಕು. ಅವನ ಮಾಡಿನ ಮೇಲೆ ಸೋಲಾರ್ ಇದೆ. ಚಾರ್ಜಿಗೆ ಕೊಟ್ಟ ಫೋನು ಸಂಜೆಯವರೆಗೂ ಅಲ್ಲೇ ಬಿದ್ದಿರುತ್ತದೆ.

ಆರೋಗ್ಯ ಕಾರ್ಯಕರ್ತೆ ಫಲೇಸಿಯ ಫೋನೂ ಹಾಗೇ ಬಿದ್ದಿತ್ತು. ಯಾರಿಗೆ ಯಾವ ಕಾಯಿಲೆ, ಯಾವ ಔಷಧಿ ಎಂಬುದೆಲ್ಲ ಅದರಲ್ಲಿತ್ತು. ಬರೆದದ್ದನ್ನು ಬೇರೆಯವರು ಓದಲಾಗದಂತೆ ಗೂಢಲಿಪಿ ಮಾಡುವ ವ್ಯವಸ್ಥೆಯೂ ಇತ್ತು. ಆದರೆ ಅದು ಓಡುತ್ತಿದ್ದರೆ ಮಧ್ಯಾಹ್ನದೊಳಗೆ ಬ್ಯಾಟರಿ ಖಾಲಿ. ಫಲೇಸಿ ಅದನ್ನು ನಿಲ್ಲಿಸಿಬಿಟ್ಟಳು. ಅಂಗಡಿಯಲ್ಲಿ ಯಾರೋ ತೆರೆದು ಓದಿದರು. ನಾಮ್ವಾಲೆ ಅಜ್ಜಿಯ ಮಗಳು ಎಸ್ನಾತ್‌ಗೆ ಎಚ್‌ಐವಿ ಇರುವುದು ಊರಿಗೆಲ್ಲ ಗೊತ್ತಾಯಿತು.

ಮೀನು ಒಣಗಿಸುವ ತಟ್ಟಿಗಳ ಬಳಿ ಹೆಂಗಸರು ಅವಳಿಂದ ದೂರ ಸರಿದು ಕೂತರು. ಪಕ್ಕ ಕೂತರೆ ಅಂಟುವ ಕಾಯಿಲೆಯಲ್ಲ ಅದು. ಆದರೂ ಸರಿದರು. ಎಸ್ನಾತ್ ಆಸ್ಪತ್ರೆಯ ದಾರಿಯನ್ನೇ ಬಿಟ್ಟಳು. ಔಷಧಿ ನಿಂತಿತು. ಮಳೆಗಾಲ ಮುಗಿಯುವ ಮೊದಲೇ ಅವಳನ್ನು ಮಣ್ಣು ಮಾಡಿದರು.

ಅವಳ ಮಗು ತಿಯಾಮಿಕೆ ಈಗ ಅಜ್ಜಿಯ ಬೆನ್ನ ಮೇಲಿದೆ. ಬಿಟ್ಟು ಬಿಟ್ಟು ಜ್ವರ. ತಾಯಿಯ ಕಾಯಿಲೆ ಮಗುವಿಗೂ ಬಂದಿದೆಯೇ ಎಂದು ತಿಳಿಯಲು ರಕ್ತ ಪರೀಕ್ಷೆ ಆಗಲೇಬೇಕು.

ಫಲೇಸಿ ಬಂದಾಗ ಅಜ್ಜಿ ಕೂರಲು ಚಾಪೆ ಹಾಸಲಿಲ್ಲ. ಮೆಕ್ಕೆಜೋಳ ಕುಟ್ಟುತ್ತಲೇ ಇದ್ದಳು.

"ಮಗೂ ಹೆಸರು ಬರಕೋಬೇಕಿತ್ತು ಅಜ್ಜೀ."

"ಬರಕೊಂಡು? ಗೊಮಾನಿ ಅಂಗಡೀಲಿ ಗಡ್ಡ ಕೆರೆಸಿಕೊಳ್ಳೋರಿಗೆ ಓದೋಕೆ ಕೊಡ್ತೀಯಾ? ಪಾಪ, ಅವರಿಗೂ ಹೊತ್ತು ಹೋಗಬೇಕಲ್ಲ."

"ತಪ್ಪು ನಂದೇ."

"ನಿಂದೇ. ಬೇಕಾದ್ರೆ ಹೆಸರಿಲ್ಲದೆ ರಕ್ತ ತಗೊಂಡು ಹೋಗು."

"ಹೆಸರಿಲ್ಲದಿದ್ರೆ ಉತ್ತರ ಯಾರ ಮನೆಗೆ ಬರಬೇಕು? ಬೇರೆ ಮಗೂ ಉತ್ತರ ಇವಳದು ಅಂತ ಬಂದ್ರೆ?"

ಒನಕೆ ನಿಂತಿತು.

"ಈಗ ಹೊಸ ಆ್ಯಪ್ ಹಾಕಿದಾರೆ ಅಜ್ಜಿ. ಹಳೇದು ಒಂದು ಹೆಸರು ಸೇರಿಸಿದ್ರೂ ಎಲ್ಲಾ ಮನೆ ವಿವರಾನೂ ಬಿಚ್ಚಿ, ಮತ್ತೆ ಎಲ್ಲಾನೂ ಗೂಢಲಿಪಿ ಮಾಡ್ತಿತ್ತು."

"ಒಬ್ಬ ನೆಂಟ ಬಂದ ಅಂತ ಊರಿಗೆಲ್ಲಾ ಎನ್ಸಿಮಾ ಮುದ್ದೆ ತಿರುವಿದ ಹಾಗೆ."

"ಹೂಂ. ಹೊಸದು ಆಗ ಬರೆದಷ್ಟನ್ನೇ ಮಾಡುತ್ತೆ. ಗೂಢಲಿಪಿ ಮಾಡೋ ಲೆಕ್ಕಾಚಾರಾನೂ ಇಂಥ ಅಗ್ಗದ ಫೋನಿಗೆ ಹಗುರ. ಸಿಗ್ನಲ್ ಸಿಕ್ಕಾಗ ಎಲ್ಲಾ ಒಟ್ಟಿಗೆ ಆಸ್ಪತ್ರೆಗೆ ಕಳಿಸುತ್ತೆ."

"ಹಗುರ ಅಂದ್ರೆ ಬೀಗಾನೂ ಟೊಳ್ಳು ತಾನೇ?"

"ಇಲ್ಲ ಅಜ್ಜಿ. ಬೀಗ ಗಟ್ಟೀನೇ. ಹಾಕೋ ಶ್ರಮ ಕಡಿಮೆ, ಅಷ್ಟೇ."

"ಆಗಲೂ ಗಟ್ಟಿ ಬೀಗಾನೇ ಇತ್ತು. ಸಾಕಾಯ್ತು ಅಂತ ನೀನೇ ತೆಗೆದಿಟ್ಟೆ. ನಾಳೆ ಬ್ಯಾಟರಿ ಸಾಯೋಕೆ ಬಂದ್ರೆ ಮತ್ತೆ ತೆಗೀತೀಯ." ಅಜ್ಜಿ ಮಗುವನ್ನು ಬೆನ್ನ ಮೇಲೆ ಸರಿಮಾಡಿಕೊಂಡಳು. "ಇವತ್ತು ದಂಡೆ ಮನೆ ಎಲ್ಲಾ ಮುಗಿಸು. ಗೊಮಾನಿ ಅಂಗಡಿ ಹತ್ತಬೇಡ. ಕೊನೆಗೆ ಇಲ್ಲಿಗೆ ಬಾ. ಫೋನಿಗೆ ಜೀವ ಇದ್ರೆ ನೋಡೋಣ."

ಸಂಜೆ ದೋಣಿಗಳು ಮೀನಿಗೆ ಹೊರಡುವ ಹೊತ್ತಿಗೆ ಫಲೇಸಿ ಬಂದಳು. ಕಾಲಿಗೆಲ್ಲ ಮರಳು. ಫೋನಿನಲ್ಲಿ ಇನ್ನೂ ಅರ್ಧ ಬ್ಯಾಟರಿ ಇತ್ತು. ಗುಟ್ಟಿನ ಸಂಖ್ಯೆ ಒತ್ತದೆ, ಅಂಗಡಿಯವರು ತೆರೆಯುವ ಹಾಗೆಯೇ ಆ ದಿನ ಬರೆದ ಹೆಸರುಗಳ ಕಡತ ತೆರೆದು ತೋರಿಸಿದಳು. ಅರ್ಥವಿಲ್ಲದ ಅಕ್ಷರಗಳ ರಾಶಿ. ಚರ್ಚಿನಲ್ಲಿ ಓದು ಕಲಿತಿದ್ದ ಅಜ್ಜಿ ಬೆರಳಿಟ್ಟು ಹುಡುಕಿದಳು. ಯಾರ ಹೆಸರೂ ಸಿಗಲಿಲ್ಲ.

"ಇದು ಮೊದಲೇ ಬರಬಾರದಿತ್ತಾ?" ಎಂದಳು.

ಫಲೇಸಿ ಕಡತ ಮುಚ್ಚಿದಳು.

"ಬರಕೋ. ತಿಯಾಮಿಕೆ."

"ತಾಯಿ ಹೆಸರು?"

ಮಣ್ಣು ಮಾಡಿ ಬಂದ ಮೇಲೆ ಅಜ್ಜಿ ಆ ಹೆಸರನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಮೊದಲು ಪಕ್ಕದ ಮನೆಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದಳು. ಆಮೇಲೆ ಇನ್ನೊಮ್ಮೆ, ಕೇಳಿಸುವ ಹಾಗೆ. "ಎಸ್ನಾತ್."

ಮರುದಿನ ಮಗುವಿನ ರಕ್ತ ಪರೀಕ್ಷೆಗೆ ಹೋಯಿತು.

ಜನರ ಕಾಯಿಲೆಯ ವಿವರವನ್ನು ಫೋನಿನಲ್ಲಿ ಹೊತ್ತು ತಿರುಗುವವರೇ, ಬ್ಯಾಟರಿ ಉಳಿಸಲು ಗೂಢಲಿಪಿಯನ್ನು ನಿಲ್ಲಿಸಬೇಡಿ. ಫೋನ್ ಬೇಗ ಖಾಲಿಯಾದರೆ ಮೇಲಿನವರಿಗೆ ಹೇಳಿ, ಹಗುರವಾದ ಹೊಸ ಆ್ಯಪ್ ಕೇಳಿ ಹಾಕಿಸಿಕೊಳ್ಳಿ. ಆ್ಯಪ್ ಮಾಡುವವರೇ, ಕೊಡುವ ಮೊದಲು ಅಗ್ಗದ ಫೋನಿನಲ್ಲಿ ಇಡೀ ದಿನ ಓಡಿಸಿ ನೋಡಿ. ಹೊತ್ತು ಮುಳುಗುವವರೆಗೆ ಬಾಳದ ಬೀಗವನ್ನು ಜನ ತೆಗೆದಿಡುತ್ತಾರೆ.

ನಿಮ್ಮ ಮನೆಗೆ ಬಂದು ಯಾರಾದರೂ ಹೆಸರು ಬರೆದುಕೊಂಡರೆ, "ಗೂಢಲಿಪಿ ಹಾಕಿದೆಯಾ?" ಎಂದು ಕೇಳಿ. ನಾಚಬೇಡಿ. ಎಸ್ನಾತ್ ಕೇಳಿರಲಿಲ್ಲ. ಕೇಳಬಹುದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.