ನೆಟ್ಟಗಿನ ಕಾಲು ಕೊಯ್ಯುವ ಡಾಕ್ಟರು

ನಮ್ಮ ಕಾಕಾ ಬಸವಂತ್ರಾಯ ಯಾದಗಿರಿಯ ಹತ್ತಿರ ಭೀಮಾ ನದಿಯಲ್ಲಿ ಹರಗೋಲು ನಡೆಸುತ್ತಿದ್ದ. ಜಂಬಕ್ಕೇನೂ ಕಡಿಮೆಯಿರಲಿಲ್ಲ. ಒಂದು ದಿನ ತಹಸೀಲ್ದಾರರ ಎದುರು ಗತ್ತಿನಿಂದ ದಂಡೆಗೆ ಜಿಗಿದ. ಪಾದ ಕೆಸರಿನಲ್ಲಿ ಹೂತುಹೋಯಿತು, ಮೈ ಮಾತ್ರ ಊರ ಕಡೆ ತಿರುಗಿತು. ಮೊಣಕಾಲು ಟಪ್ಪೆಂದಿತು. ಸಂಜೆಗೆ ಅದು ಕುಂಬಳಕಾಯಿಯಷ್ಟಾಯಿತು.

ಮರುದಿನ ಅವನ ಹೆಂಡತಿ, ನಮ್ಮ ಚಿಗವ್ವ ಶೇಖಮ್ಮ ಹುಟ್ಟು ಹಿಡಿದಳು. "ಈಕಿ ನಡಿಸಿದ್ರ ಸೀರಿ ಅಂಚೂ ತೋಯಂಗಿಲ್ಲ" ಎಂದು ಮಂದಿ ಹೊಗಳಿದರು. ಕಾಕಾನಿಗೆ ನೋವಿಗಿಂತ ಆ ಮಾತೇ ಹೆಚ್ಚು ಚುಚ್ಚಿತು. ಹೇಗಾದರೂ ಹುಟ್ಟು ವಾಪಸು ತನ್ನ ಕೈಗೆ ಬರಬೇಕು, ಅದೊಂದೇ ಅವನ ಹಟ. ಗಾಡಿ ಹೂಡಿಸಿಕೊಂಡು ಸರ್ಕಾರಿ ದವಾಖಾನೆಗೆ ಹೋದ.

ಡಾಕ್ಟರ್ ವಹಾಬ್ ಸಾಹೇಬರು ಕಾಲು ಒತ್ತಿ ನೋಡಿದರು. "ಒಳಗ ಎಲುಬು ಎಲುಬಿಗಿ ಕಟ್ಟಿದ ಪಟ್ಟಿ ಹರದದ. ಕೊಯ್ದು ಹೊಸಾದು ಕಟ್ಟಬೇಕು. ಆದ್ರ ಈಗ ಕೊಯ್ದ್ರ ಕಾಲು ಸೆಟದು ಕಟ್ಟಿಗಿ ಆಗ್ತದ. ಬಾವು ಇಳೀಲಿ, ದಿನಾ ಮಡಚಿ ಚಾಚು. ಆರು ವಾರದಾಗ ಕುಕ್ಕರಗಾಲಿಲೆ ಕೂಡಾಕ ಬರ್ತದ. ಆಗ ಬಾ."

"ಕೂಡಾಕ ಬರವಲ್ದಂತನೇ ಬಂದೀನ್ರಿ."

"ಕೂಡಾಕ ಬಂದ ಮ್ಯಾಲ ಕೊಯ್ತೀನಿ."

"ಕೂಡಾಕ ಬಂದ ಮ್ಯಾಲ ಯಾಕ ಕೊಯ್ತೀರಿ?"

ಸಾಹೇಬರು ಮುಂದಿನ ರೋಗಿಯನ್ನು ಕರೆದರು. ಕೆಟ್ಟ ಕಾಲು ಬಿಟ್ಟು ನೆಟ್ಟಗಿನ ಕಾಲು ಕೊಯ್ಯುವ ಡಾಕ್ಟರೊಬ್ಬ ಬಂದಿದ್ದಾನೆಂದು ಕಾಕಾ ಊರೆಲ್ಲ ಸಾರಿದ. ಆದರೂ ಎಮ್ಮೆಯ ಗೂಟ ಹಿಡಿದು ದಿನಾ ಕಾಲು ಮಡಚಿದ, ಚಾಚಿದ. ಎಮ್ಮೆಗೂ ಬೇಸರ ಬಂದಿರಬೇಕು.

ಆರನೇ ವಾರ ಕುಕ್ಕರಗಾಲಲ್ಲಿ ಕೂತು ಒಂದು ಬೀಡಿ ಪೂರ್ತಿ ಸೇದಿದ.

"ಈಗ ದವಾಖಾನಿಗಿ ಹೋಗೂಣ್ರಿ" ಎಂದಳು ಚಿಗವ್ವ.

"ನೆಟ್ಟಗ ಆಗ್ಯಾದ. ಹುಟ್ಟು ಕೊಡು."

ಮೊದಲ ಸವಾರಿ ಆಚೆ ದಂಡೆಯಿಂದ ಹತ್ತಿದ ದೋರನಹಳ್ಳಿಯ ಭಾಗಣ್ಣ, ಜೊತೆಗೆ ಮೂರು ಆಡು. ನದಿ ದಾಟುವವರೆಗೂ ಕಾಲು ಚೆನ್ನಾಗಿಯೇ ಇತ್ತು. ನಮ್ಮೂರ ದಂಡೆ ಹತ್ತಿರವಾದಾಗ, ಅಲ್ಲಿ ಚಿಗವ್ವ ನೋಡುತ್ತ ನಿಂತಿದ್ದಳಲ್ಲ, ಕಾಕಾ ಎದ್ದು ನಿಂತು ಠೀವಿಯಿಂದ ಗರ್ರನೆ ತಿರುಗಿದ. ಒಳಗಿನ ಪಟ್ಟಿ ಹರಿದೇ ಇತ್ತು; ಮಡಚಲು ಚಾಚಲು ಕಲಿತಿದ್ದ ಮೊಣಕಾಲು ತಿರುಗುವಾಗ ಜಾರಿತು. ಹರಗೋಲು ಮಗುಚಿತು. ನೀರು ಸೊಂಟದವರೆಗೆ ಮಾತ್ರ ಇದ್ದದ್ದು ಪುಣ್ಯ. ಆಡುಗಳು ಮೊದಲು ದಂಡೆ ಸೇರಿದವು, ಭಾಗಣ್ಣ ಬೈಯುತ್ತ ಆಮೇಲೆ.

ದಂಡೆಯಲ್ಲಿದ್ದವರೆಲ್ಲ ನಕ್ಕರು, ಚಿಗವ್ವ ನಗಲಿಲ್ಲ. ಸೀರೆ ಎತ್ತಿಕಟ್ಟದೆ ನೀರಿಗಿಳಿದು ಗಂಡನನ್ನು ಎಳೆದು ತಂದಳು. ಅಂಚೂ ತೋಯದ ಆ ಸೀರೆ ಸೊಂಟದವರೆಗೆ ತೊಯ್ದಿತ್ತು. ಅದನ್ನು ಕಂಡು ಕಾಕಾನಿಗೆ ಮೊದಲ ಸಲ ನಾಚಿಕೆಯಾಯಿತು.

ತೊಯ್ದ ಬಟ್ಟೆಯಲ್ಲೇ ಇಬ್ಬರೂ ದವಾಖಾನೆಗೆ ಹೋದರು. "ಇವತ್ತೇ ಕೊಯ್ದುಬಿಡ್ರಿ" ಎಂದ ಕಾಕಾ.

"ಮತ್ತ ಬಾವು ಬಂದದಲ್ಲೋ. ಮತ್ತ ಆರು ವಾರ."

ಕಾಕಾ ಹೆಂಡತಿಯ ಕಡೆ ತಿರುಗಿ, "ಹುಟ್ಟು ನಿನ್ನ ಕೈಯಾಗೇ ಇರ್ಲಿ" ಎಂದ. ಆಮೇಲೆ ಸಾಹೇಬರಿಗೆ ಕೈ ಮುಗಿದ.

"ತಾರೀಖು ಬರಕೊಳ್ರಿ ಸಾಹೇಬ್ರ. ಈ ಸಲ ಕಾಲು ನೆಟ್ಟಗಾಗಿದ್ರೂ ಬರ್ತೀನಿ."