ಬೇಸಿಗೆಯ ಪಾಲು, ಚಳಿಗಾಲದ ಪಾಲು

ಇರಾನಿನ ಮರುಭೂಮಿಯ ಯಜ್ದ್ ಊರಿನ ನಮ್ಮ ಓಣಿಯಲ್ಲಿ ಯಾರೂ ವರ್ಷವಿಡೀ ಒಂದೇ ಕೋಣೆಯಲ್ಲಿ ಬಾಳುತ್ತಿರಲಿಲ್ಲ. ಬಿಸಿಲು ಜರುಗಿದ ಹಾಗೆ ಮನೆಯವರೂ ಜರುಗಬೇಕು. ನಮ್ಮ ಪಕ್ಕದ ಮನೆಯ ಯದುಲ್ಲಾ, ನೇಮತ್ ಅಣ್ಣತಮ್ಮಂದಿರ ತಾಯಿ ಬೀಬಿ ಕೌಕಬ್ ಬದುಕಿರುವ ತನಕ ಅವರಲ್ಲೂ ಹಾಗೇ ನಡೆದಿತ್ತು. ವಸಂತ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಆ ಮುದುಕಿ, "ಏಳಿ, ಆ ಕಡೆ ನಡೀರಿ" ಅನ್ನುತ್ತಿದ್ದಳು. ಅಷ್ಟೇ ಸಾಕು. ಅಂಗಳದ ಉತ್ತರದಲ್ಲಿದ್ದ ಗಾಜಿನ ಬಾಗಿಲುಗಳ ಬೆಚ್ಚನೆಯ ಕೋಣೆಗಳಿಂದ ಹಾಸಿಗೆ, ಪಾತ್ರೆ, ಮಗ್ಗ ಎಲ್ಲವೂ ದಕ್ಷಿಣದ ಕಡೆಗೆ ಸಾಗುತ್ತಿದ್ದವು. ಅಲ್ಲಿ ಮೇಲಿನ ಗಾಳಿಯನ್ನು ಹಿಡಿದು ಮನೆಯೊಳಗಿಳಿಸುವ ಗಾಳಿಗೋಪುರದ ಬುಡದಲ್ಲಿ ತೆರೆದ ಪಡಸಾಲೆ, ಅದರಡಿ ಮೂವತ್ತು ಮೆಟ್ಟಿಲಿಳಿದರೆ ನೆಲಮಾಳಿಗೆ. ಹೊರಗೆ ನೆಲ ಕಾದು ಸಿಡಿಯುವಾಗಲೂ ನೆಲಮಾಳಿಗೆಯಲ್ಲಿ ಮೈಮೇಲೊಂದು ಹೊದಿಕೆ ಬೇಕಾಗುತ್ತಿತ್ತು. ಚಳಿ ಕಾಲಿಟ್ಟರೆ ಮತ್ತೆ ಎಲ್ಲರೂ ಉತ್ತರಕ್ಕೆ.

ಬೀಬಿ ಕೌಕಬ್ ತೀರಿಕೊಂಡದ್ದು ಒಂದು ಬೇಸಿಗೆಯಲ್ಲಿ, ಅದೇ ನೆಲಮಾಳಿಗೆಯಲ್ಲಿ. ಕೊನೆಯ ಹದಿನೈದು ದಿನ ತಾಯಿಯ ಪಕ್ಕದಲ್ಲಿದ್ದವನು ಕಿರಿಯ ಮಗ ನೇಮತ್. ಹಿರಿಯ ಯದುಲ್ಲಾ ತಾಮ್ರದ ಪಾತ್ರೆ ಮಾರಲು ದೂರದ ಕೆರ್ಮಾನ್ ಊರಿನ ಕಡೆ ಹೋಗಿದ್ದ. ಅವನು ತಿರುಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಎದೆನೋವಿನ ಮುದುಕೀನ ಆ ಥಂಡಿಯಲ್ಲಿ ಮಲಗಿಸಿದ್ಯಲ್ಲೋ! ಕೈಯಾರೆ ಕೊಂದೆ ನೀನು!" ಎಂದ ಯದುಲ್ಲಾ, ಸಂತಾಪಕ್ಕೆ ಬಂದವರ ಎದುರಿಗೇ.

"ಅಮ್ಮಾನೇ ಕೇಳಿದ್ಲು ಅಣ್ಣ, ಕೆಳಗೆ ಕರ್ಕೊಂಡು ಹೋಗು ಅಂತ."

"ಸುಳ್ಳು."

ಆ ಒಂದು ಮಾತು ಮನೆಯನ್ನು ಎರಡು ಮಾಡಿತು. ನಲವತ್ತನೆಯ ದಿನದ ಊಟ ಮುಗಿಯುತ್ತಲೇ ಮಸೀದಿಯ ಹಿರಿಯರನ್ನು ಕರೆಸಿ ಚೀಟಿ ಎತ್ತಿದರು. ಬಿಸಿಲಿನ ಕೋಣೆಗಳು, ಬೀದಿಯ ಬಾಗಿಲು ನೇಮತನಿಗೆ. ಗಾಳಿಗೋಪುರ, ನೆಲಮಾಳಿಗೆ ಯದುಲ್ಲಾನಿಗೆ. ತಾಯಿಯನ್ನು ಕೊಂದಿತೆಂದು ಯಾವ ಜಾಗವನ್ನು ಬೈದಿದ್ದನೋ ಅದೇ ಅವನ ಪಾಲಿಗೆ ಬಂತು. ಅಂಗಳದ ನಡುವೆ ಆಳೆತ್ತರದ ಗೋಡೆ ಎದ್ದಿತು. ಯದುಲ್ಲಾ ಹಿಂದಿನ ಸಂದಿಗೆ ಬೇರೆ ಬಾಗಿಲು ತೆರೆಸಿಕೊಂಡ.

ಮನೆ ಕಟ್ಟಿದ ಅಜ್ಜ ಅದನ್ನು ಒಂದು ಮನೆಯೆಂದೇ ಕಟ್ಟಿದ್ದ. ಅರ್ಧ ಬೇಸಿಗೆಗೆ, ಅರ್ಧ ಚಳಿಗೆ. ಅದು ಚೀಟಿ ಎತ್ತುವ ದಿನ ಯಾರ ತಲೆಗೂ ಹೊಳೆಯಲಿಲ್ಲ.

ಮೊದಲು ಪೆಟ್ಟು ತಿಂದದ್ದು ಯದುಲ್ಲಾನ ಹೆಂಡತಿ ಎಫ್ಫತ್. ಐವತ್ತು ದಾಟಿದವಳು, ಮಂಡಿನೋವು ಬೇರೆ. ಆ ಚಳಿಗಾಲ ಅವಳು ಗಾಳಿಗೋಪುರದ ಬಾಯಿಗೆ ಗೋಣಿ ತುರುಕಿದಳು, ಪಡಸಾಲೆಗೆ ಕಂಬಳಿ ಇಳಿಬಿಟ್ಟಳು. ಕೆಂಡದ ಬಟ್ಟಲ ಮೇಲೆ ಗಿಡ್ಡ ಮೇಜಿಟ್ಟು, ಅದಕ್ಕೆ ದೊಡ್ಡ ರಜಾಯಿ ಹೊದಿಸಿ, ಎಲ್ಲರೂ ಕಾಲು ಒಳಗಿಟ್ಟು ಕೂರುವುದು ನಮ್ಮ ಚಳಿಗಾಲದ ರೂಢಿ. ಎಫ್ಫತಳ ರಜಾಯಿಯೊಳಗೆ ಕೆಂಡ ಎಷ್ಟು ಸುರಿದರೂ ಬೆನ್ನು ಮರಗಟ್ಟುತ್ತಿತ್ತು. ಸೂರ್ಯ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಒಂದು ದಿನ ಪೆಟ್ಟಿಗೆಯೊಂದರ ಮೇಲೆ ಹತ್ತಿ ನಿಂತು ಗೋಡೆಯ ಮೇಲಿಂದ ಓರಗಿತ್ತಿಯನ್ನು ಕೂಗಿದಳು.

"ಗೋಹರ್, ಆ ಮೂಲೆ ಕೋಣೇಲಿ ಮಧ್ಯಾಹ್ನ ಒಂದಿಷ್ಟು ಹೊತ್ತು ಕಾಲು ಚಾಚ್ಕೊಂಡು ಕೂರ್ಲೇನೇ? ಮಂಡಿ ಹಿಡ್ಕೊಂಡುಬಿಟ್ಟಿದೆ."

ನೇಮತನ ಹೆಂಡತಿ ಗೋಹರ್ ಮಗ್ಗದ ಮುಂದೆ ಕೂತಿದ್ದಳು. ತಲೆ ಎತ್ತಲಿಲ್ಲ. "ಗೋಡೆ ಕಟ್ಟಿಸಿದ್ದು ಭಾವ ತಾನೇ ಅಕ್ಕ? ಅವ್ರನ್ನೇ ಕೇಳಿ, ಬಿಸಿಲನ್ನ ಆ ಕಡೆಗೂ ಒಂದಿಷ್ಟು ಕಟ್ಟಿಸಿಕೊಡ್ತಾರೆ."

ನಮ್ಮ ಚಪ್ಪಟೆ ಮಾಡಿನ ಮೇಲಿದ್ದ ನನಗೂ ಕೇಳಿಸಿತ್ತು ಆ ಮಾತು. ಎಫ್ಫತ್ ಇಳಿದು ಹೋದಳು.

ಆಮೇಲೆ ಬೇಸಿಗೆ ಬಂತು.

ಉತ್ತರದ ಗಾಜಿನ ಬಾಗಿಲುಗಳು ಈಗ ಒಲೆಯ ಬಾಯಂತಾದವು. ಗೋಹರ್ ಅವಕ್ಕೆ ಚಾಪೆ ಕಟ್ಟಿದಳು, ನೆಲಕ್ಕೆ ಕೊಡಗಟ್ಟಲೆ ನೀರು ಹೊಯ್ದಳು. ಇಟ್ಟಿಗೆ ಚುರ್ ಎಂದು ನೀರು ಕುಡಿದು ಮತ್ತೆ ಕಾಯುತ್ತಿತ್ತು. ರಾತ್ರಿಗೇನೋ ಮಾಡು ಇತ್ತು, ಊರಿಗೆ ಊರೇ ಮಾಡಿನ ಮೇಲೆ ಮಲಗುತ್ತಿತ್ತು. ಆದರೆ ಹಗಲು? ಇಬ್ಬರು ಪುಟ್ಟ ಹೆಣ್ಣುಮಕ್ಕಳ ಕತ್ತಿನ ತುಂಬ ಬೆವರುಸಾಲೆ. ಗೋಹರ್ ಅವರನ್ನು ಎಬ್ಬಿಸಿಕೊಂಡು, ಹಾಸಿಗೆ ಎಳೆದುಕೊಂಡು ಕೋಣೆಯಿಂದ ಕೋಣೆಗೆ ತಿರುಗಿದಳು. ಬೆಳಿಗ್ಗೆ ಅಡಿಗೆಮನೆಯ ಹಿಂದಿನ ಓಣಿ, ಹತ್ತು ಗಂಟೆಗೆ ಉಗ್ರಾಣ, ಮಧ್ಯಾಹ್ನಕ್ಕೆ ಬೀದಿಬಾಗಿಲ ಹಿಂದಿನ ಕತ್ತಲು. ಎಲ್ಲಿ ಹಾಸಿದರೂ ಅರ್ಧ ಗಂಟೆಗೆ ಎದ್ದು ಕೂರುವಳು, ಇನ್ನೊಂದು ಕಡೆ ತಂಪಿದ್ದೀತೆಂದು ಅಂಗೈಯಿಂದ ಗೋಡೆ ಸವರಿ ನೋಡುವಳು.

"ಬತೂಲ್, ನನಗೆ ಹುಚ್ಚು ಹಿಡಿಯುತ್ತೆ" ಎಂದಳು ಒಮ್ಮೆ ನನ್ನ ಹತ್ತಿರ. "ಸ್ವಂತ ಮನೇಲಿ ಕೂರೋಕೆ ಒಂದು ಜಾಗ ಇಲ್ಲ ನೋಡು."

ಅದಕ್ಕಿಂತ ದೊಡ್ಡ ಸಂಕಟ ಮಗ್ಗದ್ದು. ಅವಳು ನೇಯುವ ರೇಷ್ಮೆಗೆ ತೇವ ಬೇಕು. ಬಿಸಿ ಒಣಗಾಳಿಗೆ ಮಗ್ಗದ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಸುಮ್ಮನೆ ಕೂತಲ್ಲೇ ತುಂಡಾಗುತ್ತವೆ. ನಾಲ್ಕು ಸಲ ಲಾಳಿ ಓಡಿಸಿದರೆ ಎರಡು ಎಳೆ ಪಟ್ ಎನ್ನುತ್ತಿದ್ದವು. ಗಂಟು ಹಾಕಿ ಬೆರಳು ಸೋತವು. ಮೊದಲೆಲ್ಲ ಬೇಸಿಗೆಯಲ್ಲಿ ಅವಳ ಮಗ್ಗ ನೆಲಮಾಳಿಗೆಯಲ್ಲಿ ಇರುತ್ತಿತ್ತು. ಹತ್ತು ವರ್ಷದಲ್ಲಿ ಅಲ್ಲಿ ಒಂದು ಎಳೆ ಕಡಿದದ್ದೂ ಅವಳಿಗೆ ನೆನಪಿರಲಿಲ್ಲ.

ಒಂದು ಮಧ್ಯಾಹ್ನ ಹನ್ನೊಂದು ಎಳೆ ಒಟ್ಟಿಗೇ ಕಡಿದವು. ಗೋಹರ್ ಎದ್ದಳು. ಹಾಸನ್ನು ಸುತ್ತಿ ಹೆಗಲಿಗೇರಿಸಿ, ಮಾಡಿನ ಮೆಟ್ಟಿಲು ಹತ್ತಿದಳು. ಅಂಗಳದಲ್ಲಿ ಆಳೆತ್ತರವಿದ್ದ ಗೋಡೆ ಮಾಡಿನ ಮೇಲೆ ಬರೀ ಮೊಣಕಾಲೆತ್ತರದ ಇಟ್ಟಿಗೆ ಸಾಲು. ದಾಟಿ, ಆ ಕಡೆಯ ಮೆಟ್ಟಿಲಿಳಿದು, ನೆಲಮಾಳಿಗೆಯ ಬಾಗಿಲಲ್ಲಿ ನಿಂತಳು. ಕೆಳಗೆ ಎಫ್ಫತ್ ಕಲ್ಲಂಗಡಿ ಹೆಚ್ಚುತ್ತಿದ್ದಳು.

"ಯಾರದು? ಓಹೋ, ಬಿಸಿಲಿನ ಯಜಮಾನಿ! ದಾರಿ ತಪ್ಪಿತೇನೇ?"

"ಅಕ್ಕ, ಎಳೆ ನಿಲ್ತಾ ಇಲ್ಲ."

"ಗೋಡೆ ಇದೆಯಲ್ಲ, ಅದಕ್ಕೆ ಕಟ್ಟು."

ಗೋಹರ್ ಮೆಟ್ಟಿಲ ಮೇಲೇ ಕುಸಿದು ಕೂತಳು. ನೆಲಮಾಳಿಗೆಯ ತಂಪು ಪಾದಕ್ಕೆ ತಾಕುತ್ತಲೇ ಅಳು ಬಂತಂತೆ. ಅಳುತ್ತಲೇ ಹೇಳಿದಳು: "ಅವತ್ತು ಹಾಗನ್ನಬಾರದಿತ್ತು. ಆಡಿದ ಮೇಲೆ ಎಷ್ಟೋ ದಿನ ಮನಸ್ಸಿಗೆ ಸಮಾಧಾನ ಇರ್ಲಿಲ್ಲ. ಆದ್ರೂ ನಿಮ್ಮನ್ನ ಕರೀಲಿಲ್ಲ, ಜಂಬ."

ಎಫ್ಫತ್ ಒಂದು ಹೋಳು ಎತ್ತಿ ಅವಳ ಕೈಗೆ ತುರುಕಿದಳು. "ತಿನ್ನು ಮೊದಲು, ಮುಖ ನೋಡೋಕಾಗ್ತಿಲ್ಲ. ಮಕ್ಕಳೆಲ್ಲಿ? ಕರ್ಕೊಂಡು ಬಾ. ಮಗ್ಗಾನೂ ಬರ್ಲಿ. ಆದ್ರೆ ಕೇಳಿಸ್ಕೋ, ಚಳಿ ಬಂದ ದಿನ ನನ್ನ ಹಾಸಿಗೆ ನಿನ್ನ ಗಾಜಿನ ಕೋಣೇಲಿ. ಯಾರ ಅಪ್ಪಣೇನೂ ನಾನು ಕೇಳೋಳಲ್ಲ."

ಮಾರನೆಯ ಬೆಳಿಗ್ಗೆ ಮಗ್ಗದ ಮರಗಳನ್ನು ಬಿಚ್ಚಿ ಮಾಡಿನ ಮೇಲಿಂದ ಸಾಗಿಸಲು ನಾನೂ ಒಂದು ಕೈ ಕೊಟ್ಟೆ. ಗಂಡಂದಿರಿಗೆ ಹೇಳಲಿಲ್ಲ.

ನೇಮತ್ ಅವತ್ತು ಮಧ್ಯಾಹ್ನ ಊಟಕ್ಕೆ ಬಂದರೆ ಮನೆ ಬರಿದು. ಕಿವಿಗೊಟ್ಟ. ಗೋಡೆಯಾಚೆ, ನೆಲದೊಳಗಿಂದ ಮಗ್ಗದ ಖಟ್ ಖಟ್.

"ಗೋಹರ್! ಹತ್ತಿ ಬಾ ಮೇಲೆ!"

ಉತ್ತರ ಕೊಟ್ಟದ್ದು ಎಫ್ಫತ್. "ಬರಲ್ವಂತೆ! ನಿನ್ನ ಊಟ ಇಲ್ಲಿದೆ, ಮೊಸರಿಗೆ ಸೌತೆಕಾಯಿ ಹಾಕಿದೀನಿ. ಬರೋದಾದ್ರೆ ಬಾ, ಇಲ್ಲಾಂದ್ರೆ ಅಲ್ಲೇ ರೊಟ್ಟಿಯಾಗು!"

ಯದುಲ್ಲಾ ಸಂಜೆ ಮಗ್ಗ ಕಂಡು ಗೊಣಗಿದನಂತೆ, ಎತ್ತಿಡಿ ಅನ್ನಲಿಲ್ಲ. ನೇಮತ್ ಮಾತ್ರ ಹೋಗಲಿಲ್ಲ. ಮೂರು ದಿನ ಒಣರೊಟ್ಟಿ ತಿಂದು, ಹೆಂಡತಿ ತಿರುಗಿದ ಕೋಣೆಗಳಲ್ಲೇ ತಾನೂ ಹಾಸಿಗೆ ಹೊತ್ತು ತಿರುಗಿದ. ನಾಲ್ಕನೆಯ ಮಧ್ಯಾಹ್ನ ನಾನು ಮಾಡಿನ ಮೇಲೆ ಟೊಮೇಟೊ ಒಣಹಾಕಲು ಹೋದಾಗ ಅವನು ಪಕ್ಕದಲ್ಲಿ ತನ್ನ ಮಾಡಿನ ಮೆಟ್ಟಿಲ ಬಾಗಿಲಲ್ಲಿ ತಲೆಗೆ ಒದ್ದೆ ಬಟ್ಟೆ ಸುತ್ತಿ ಕೂತಿದ್ದ. ಮುಖ ಕೆಂಪಗೆ ಊದಿತ್ತು.

"ನೇಮತ್, ಸಾಯ್ತೀಯ ಕಣೋ. ಇಳಿದು ಹೋಗು ಆ ಕಡೆ."

"ಅಣ್ಣ ಕರೀಲಿ, ಹೋಗ್ತೀನಿ. ಕೊಲೆಗಾರ ಅನ್ನಿಸಿಕೊಂಡವನು ಕರೀದೆ ಹ್ಯಾಗೆ ಹೋಗಲಿ?"

ನಾನು ಅವರ ಮಾಡಿಗೆ ದಾಟಿ, ಇಟ್ಟಿಗೆ ಸಾಲಿನ ಹತ್ತಿರ ಹೋಗಿ ಯದುಲ್ಲಾನನ್ನು ಕೂಗಿದೆ. ತಮ್ಮನ ಸ್ಥಿತಿ ಹೇಳಿದೆ. ಯದುಲ್ಲಾ ಬಹಳ ಹೊತ್ತು ಬರಲಿಲ್ಲ. ಕೊನೆಗೆ ಹತ್ತಿ ಬಂದ. ಆ ಬಿಸಿಲಲ್ಲಿ, ಬರಿತಲೆಯಲ್ಲಿ, ಇಟ್ಟಿಗೆ ಸಾಲಿನ ಆಚೆಗೇ ನಿಂತ.

"ನಿಜ ಹೇಳು. ಅಮ್ಮ ಕೇಳಿದ್ಲಾ?"

"ಕೇಳಿದ್ಲು ಅಣ್ಣ. ಮೇಲೆ ಉಸಿರು ಕಟ್ಟುತ್ತೆ, ಕೆಳಗೆ ನೀರಿನ ವಾಸನೆ ಬರುತ್ತೆ, ಅಲ್ಲಿ ಮಲಗಿಸು ಅಂದ್ಲು. ನಾನೇ ಎತ್ಕೊಂಡು ಇಳಿದೆ. ಮೂವತ್ತು ಮೆಟ್ಟಿಲೂ ನಿನ್ನ ಹೆಸರೇ ಹೇಳ್ತಾ ಇದ್ಲು, ಯದು ಬಂದನಾ, ಯದು ಬಂದನಾ ಅಂತ. ಅದನ್ನ ನಿನಗೆ ಹ್ಯಾಗೆ ಹೇಳಲಿ?"

ಯದುಲ್ಲಾ ಇಟ್ಟಿಗೆ ಸಾಲಿನ ಮೇಲೆ ಕೂತ. ಆಮೇಲೆ ನೆಲ ನೋಡುತ್ತ ಅಂದ: "ಈ ಬೇಸಿಗೆ ಪೂರ್ತಿ ಆ ಜಾಗದಲ್ಲಿ ಕಣ್ಣು ಮುಚ್ಚೋಕಾಗಿಲ್ಲ ನನಗೆ. ಈ ಮೂಲೆ ಮಲಗ್ತೀನಿ, ಆ ಮೂಲೆ ಮಲಗ್ತೀನಿ. ಎಫ್ಫತ್ ಬೈತಾಳೆ. ಬಾರೋ. ಒಬ್ಬನೇ ಇರೋಕೆ ಆಗ್ತಿಲ್ಲ ಅಲ್ಲಿ."

ಇಬ್ಬರೂ ಇಳಿದರು. ಹೆಂಗಸರು ಹೇಳಿದ ಪ್ರಕಾರ ಅವತ್ತು ಅಣ್ಣತಮ್ಮಂದಿರು ಪುದೀನ ಹಾಕಿದ ಪಾನಕ ಕುಡಿದರು, ಬೆನ್ನಿಗೆ ಬೆನ್ನು ಹಾಕಿ ಮಲಗಿದರು, ಸಂಜೆಯ ನಮಾಜಿನ ಬಾಂಗು ಕೇಳಿದರೂ ಏಳಲಿಲ್ಲ. ಗೋಹರ್ ಮಗ್ಗ ನಿಲ್ಲಿಸಿ ಕೂತಿದ್ದಳಂತೆ, ಎಲ್ಲಿ ಎಚ್ಚರವಾಗಿಬಿಡುತ್ತದೋ ಎಂದು.

ಗೋಡೆ ಬೀಳಿಸೋಣ ಎಂದು ಮೊದಲು ಬಾಯಿಬಿಡಲು ಇಬ್ಬರಿಗೂ ಆಗಲಿಲ್ಲ. ಅದು ಹಾಗೇ ಉಳಿಯಿತು. ಚಳಿ ಬಂದಾಗ ಎಫ್ಫತ್ ಮಾತಿನಂತೆ ಹಾಸಿಗೆ ಹೊತ್ತು ಮಾಡಿನ ಮೇಲಿಂದ ಬಂದಳು, ಮೂರನೆಯ ಸಲಕ್ಕೆ ಮಂಡಿ ಸೋತು ಗಂಡನನ್ನು ಬೈದಳು. ಮರುವಾರ ನೇಮತನೇ ಗಾರೆಯವನನ್ನು ಕರೆತಂದು ಗೋಡೆಗೆ ಒಂದು ಬಾಗಿಲು ಬಿಡಿಸಿದ. ಕದ ಇಡಿಸಲಿಲ್ಲ.

ಎಲ್ಲ ಸರಿಹೋಯಿತು ಅಂದುಕೊಂಡೆವು. ಹತ್ತು ದಿನವಾಗಿತ್ತೋ ಇಲ್ಲವೋ, ನೆರೆಮನೆಯಿಂದ ಓರಗಿತ್ತಿಯರ ದನಿ ಏರಿ ಬಂತು. ಸ್ವಲ್ಪ ಹೊತ್ತಿಗೆ ಎಫ್ಫತ್ ಹೆಣಿಗೆಯ ಬುಟ್ಟಿ ಹಿಡಿದು ನಮ್ಮ ಬಾಗಿಲಿಗೆ ಬಂದಳು.

"ಏನಾಯ್ತು ಅಕ್ಕ?"

"ಆಗೋದೇನು? ಕಿಟಕಿ ಹತ್ರದ ಬಿಸಿಲೆಲ್ಲ ಅವಳ ಮಗ್ಗಕ್ಕೇ ಬೇಕಂತೆ. ನಾನು ಸರೀಬೇಕು, ಅವಳಿಗೆ ನೆರಳು ಬೀಳುತ್ತಂತೆ. ಸರಿದೂ ಸರಿದೂ ಬಾಗಿಲಿಗೆ ಬಂದೆ, ಬಾಗಿಲಿಂದ ನಿಮ್ಮನೆಗೆ. ನಿಮ್ಮಲ್ಲಿ ಬಿಸಿಲು ಎಷ್ಟು ಹೊತ್ತಿನ ತನಕ ಇರುತ್ತೆ?"

"ಮೂರು ಗಂಟೆ ತನಕ."

ಅವಳು ನನ್ನ ಗಾಜಿನ ಬಾಗಿಲ ಮುಂದೆ ಒಮ್ಮೆ ಕೂತು ನೋಡಿದಳು, ಎದ್ದು ಒಂದು ಮೊಳ ಎಡಕ್ಕೆ ಸರಿದು ಮತ್ತೆ ಕೂತಳು. ಚಹಾ ಬಗ್ಗಿಸುವಷ್ಟರಲ್ಲಿ ಗೋಹರಳೂ ಬಂದಳು, ಅಕ್ಕ ಮರೆತು ಬಂದಿದ್ದ ಮಂಡಿಯ ಶಾಲನ್ನು ಅವಳ ತೊಡೆಯ ಮೇಲೆ ಎಸೆದು, "ಥಂಡಿ ಹಿಡಿದ್ರೆ ಆಮೇಲೆ ನನ್ನ ಬೈಬೇಡಿ" ಎಂದು ಹೊರಟುಹೋದಳು.